ಬ್ರೈಲ್ ಡಿಸ್‌ಪ್ಲೇ ಕೊಳ್ಳುವ ಮುನ್ನ ಕನ್ನಡ ಓದಿ ನೋಡಿ

ಕಂಪ್ಯೂಟರ್, ಮೊಬೈಲಿನ ಪರದೆಯಲ್ಲಿರುವ ಬರಹವನ್ನು ಎದ್ದು ಇಳಿಯುವ ಚುಕ್ಕೆಗಳಾಗಿ ಬೆರಳಿಗೆ ಮುಟ್ಟಿಸುವ ಯಂತ್ರವೇ ಬ್ರೈಲ್ ಡಿಸ್‌ಪ್ಲೇ. ಬೆಲೆ ಕೈ ಸುಡುತ್ತದೆ. ಆದರೂ ದಾವಣಗೆರೆ ಸುತ್ತಮುತ್ತ ಅನೇಕರು ಮಾರುವವರು ತೋರಿಸಿದ ಒಂದೆರಡು ಇಂಗ್ಲಿಷ್ ಸಾಲು ಓದಿ, ಅಷ್ಟಕ್ಕೇ ಒಪ್ಪಿ ದುಡ್ಡು ಕೊಟ್ಟುಬಿಡುತ್ತಾರೆ. ಮನೆಗೆ ಬಂದು ಕನ್ನಡ ತೆರೆದಾಗ ಪೇಚಾಟ ಶುರುವಾಗುತ್ತದೆ.

1. ಯಾವ ಕೆಲಸಕ್ಕೆ ಬೇಕೆಂದು ಗೊತ್ತುಮಾಡಿಕೊಳ್ಳಿ. ಓಡಾಟಕ್ಕೆ, ಮೊಬೈಲಿಗೆ 20 ಸೆಲ್ (ಎಂಟು ಚುಕ್ಕೆಗಳ ಒಂದು ಗುಂಪೇ ಒಂದು ಸೆಲ್). ಕಚೇರಿ ಕೆಲಸಕ್ಕೆ 40.

2. ಸೆಲ್ ಲೆಕ್ಕವನ್ನು ಕನ್ನಡದಲ್ಲೇ ಹಾಕಿ. ಭಾರತೀಯ ಭಾಷೆಗಳ ಬ್ರೈಲ್ ಲಿಪಿಯಾದ ಭಾರತಿ ಬ್ರೈಲ್‌ನಲ್ಲಿ ಸ್ವರಚಿಹ್ನೆಗೆ ಬೇರೆ ಸೆಲ್ ಬೇಕು, ಒತ್ತಕ್ಷರವಿದ್ದರೆ ಅದರ ಮುಂಚೆ ಹಲಂತದ (ವ್ಯಂಜನದ ‘ಅ’ಕಾರ ತೆಗೆಯುವ ಗುರುತಿನ) ಸೆಲ್ ಬರುತ್ತದೆ. ‘ಚಿತ್ರದುರ್ಗ’ ಎಂಬ ಒಂದೇ ಪದಕ್ಕೆ 10 ಸೆಲ್ ಹೋಗುತ್ತದೆ; ‘ಚಿತ್ರದುರ್ಗ ಜಿಲ್ಲೆ’ ಎಂದರೆ 17. ಹಾಗಾಗಿ 14 ಸೆಲ್‌ನದನ್ನು ಕನ್ನಡ ಓದುವವರು ಕೊಳ್ಳಲೇಬೇಡಿ. ಒಂದೆರಡು ಪದಕ್ಕೊಮ್ಮೆ ಗುಂಡಿ ಒತ್ತುತ್ತಾ ಕೂತರೆ ಓದಿನ ಓಟವೇ ತಪ್ಪುತ್ತದೆ.

3. ನಿಮ್ಮದೇ ಮೊಬೈಲ್, ಲ್ಯಾಪ್‌ಟಾಪ್‌ಗೆ ಜೋಡಿಸಿ ನೋಡಿ. ಎಲ್ಲರೂ ಎಡವುವುದು ಇಲ್ಲೇ, ಅವಸರ ಮಾಡಬೇಡಿ. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಎನ್‌ವಿಡಿಎ ತೆರೆದು, ಬ್ರೈಲ್ ಸೆಟ್ಟಿಂಗ್‌ನ ಔಟ್‌ಪುಟ್ ಟೇಬಲ್‌ನಲ್ಲಿ ಕನ್ನಡ ಆರಿಸಿ. ಇದನ್ನು ಬಿಟ್ಟು ‘ಯಂತ್ರಕ್ಕೆ ಕನ್ನಡ ಬರಲ್ಲ’ ಎಂದು ವಾಪಸ್ ಕೊಟ್ಟವರಿದ್ದಾರೆ. ಕಂಪ್ಯೂಟರಿಗೆ ಜೋಡಿಸಿದಾಗ ಯಾವ ಚುಕ್ಕೆ ಏಳಬೇಕೆಂದು ಹೇಳುವುದು ಈ ಸ್ಕ್ರೀನ್ ರೀಡರ್, ಯಂತ್ರವಲ್ಲ. ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್‌ನಲ್ಲಿ 13ನೇ ಆವೃತ್ತಿಯಿಂದ ಬ್ರೈಲ್ ಡಿಸ್‌ಪ್ಲೇ ಸೌಲಭ್ಯ ಅದರೊಳಗೇ ಇದೆ. ಹಳೆಯ ಬ್ರೈಲ್‌ಬ್ಯಾಕ್ ಆ್ಯಪ್ ಹುಡುಕುತ್ತಾ ಹೋಗಬೇಡಿ.

ಈಗ ಒತ್ತಕ್ಷರ ಹೆಚ್ಚಿರುವ ಒಂದು ಪುಟ ಓದಿ. ಮುಂದಿನ ಸಾಲಿಗೆ ಹೋಗುವ ಗುಂಡಿ ಕೈ ಎತ್ತದೆ ಹೆಬ್ಬೆರಳಿಗೆ ಸಿಗಬೇಕು. ಚುಕ್ಕೆಗಳು ಮೆತ್ತಗೆ ಕುಸಿಯಬಾರದು. ಎಂಟೂ ಚುಕ್ಕೆ ಏಳುವ ಯೂನಿಕೋಡ್ ಬ್ರೈಲ್ ಅಕ್ಷರವನ್ನು ಸಾಲುದ್ದಕ್ಕೂ ತುಂಬಿದ ಕಡತವೊಂದನ್ನು ಮನೆಯಿಂದಲೇ ಒಯ್ಯಿರಿ. ಅದನ್ನು ತೆರೆದು ಸೆಲ್ ಸೆಲ್ ಮುಟ್ಟಿದರೆ ಸತ್ತ ಚುಕ್ಕೆ ತಕ್ಷಣ ಸಿಕ್ಕಿಬೀಳುತ್ತದೆ. ಆಮೇಲೆ ಬರೆದ ಪದದ ನಡುವೆ ಒಂದು ಅಕ್ಷರ ತಿದ್ದಿ. ಪ್ರತಿ ಸೆಲ್‌ಗೂ ಒಂದು ರೌಟಿಂಗ್ ಗುಂಡಿ ಇದ್ದರೆ ಒತ್ತಿದಲ್ಲಿಗೇ ಕರ್ಸರ್ ಬರುತ್ತದೆ. ಆರ್ಬಿಟ್ ರೀಡರ್ 20 ಎಂಬ ಡಿಸ್‌ಪ್ಲೇಯಲ್ಲಿ ಈ ಗುಂಡಿಗಳಿಲ್ಲ. ಚುಕ್ಕೆ ಬದಲಾಗುವುದೂ ನಿಧಾನ, ಸದ್ದೂ ಇದೆ. ಬೆಲೆ ಕಡಿಮೆ, ಚುಕ್ಕೆ ಗಟ್ಟಿ, ಎಸ್‌ಡಿ ಕಾರ್ಡಿನಿಂದ ಪುಸ್ತಕ ಓದಲು ಚೆನ್ನ. ಬರೆದು ತಿದ್ದುವ ಕೆಲಸದವರಿಗೆ ಮಾತ್ರ ನಾನು ಅದನ್ನು ಹೇಳುವುದಿಲ್ಲ. ಅಂಥವರು ಬ್ರೈಲಿಯಂಟ್ ಬಿಐ 40ಎಕ್ಸ್ ಅಥವಾ ಫೋಕಸ್ 40 ಬ್ಲೂ ಮುಟ್ಟಿ ನೋಡಲಿ.

ಕೊನೆಗೆ ಬ್ಲೂಟೂತ್ ಆಫ್ ಮಾಡಿ, ಮತ್ತೆ ಆನ್ ಮಾಡಿ. ತಾನಾಗಿ ಜೋಡಣೆಯಾಗದಿದ್ದರೆ ದಿನವೂ ಕಾಡುತ್ತದೆ.

4. ರಿಪೇರಿ ವಿಚಾರ ಬರೆಸಿಕೊಳ್ಳಿ. ಒಂದು ಸೆಲ್ ಕೆಟ್ಟರೆ ಬದಲಿಸುವ ಖರ್ಚೆಷ್ಟು, ಯಂತ್ರವನ್ನು ಯಾವ ಊರಿಗೆ ಕಳಿಸಬೇಕು, ಕೊರಿಯರ್ ಖರ್ಚು ಯಾರದ್ದು? ಬಾಯಿಮಾತು ಸಾಲದು. ಸೆಕೆಂಡ್ ಹ್ಯಾಂಡ್ ಅಗ್ಗವೆಂದು ಪರೀಕ್ಷೆ ಮಾಡದೆ ತರುವ ದಾರಿಯನ್ನಂತೂ ಹಿಡಿಯಬೇಡಿ.

5. ಮನೆಗೆ ತಂದ ಮೇಲೆ ಕೈ ತೊಳೆದು, ಒರೆಸಿಕೊಂಡೇ ಮುಟ್ಟಿ. ಬೆಣ್ಣೆದೋಸೆಯ ಜಿಡ್ಡು, ಬೇಸಿಗೆಯ ಧೂಳು ಸೇರಿದರೆ ಚುಕ್ಕೆಗಳು ತೂತಿನಲ್ಲೇ ಸಿಕ್ಕಿಕೊಳ್ಳುತ್ತವೆ. ಓದದ ಹೊತ್ತಿನಲ್ಲಿ ಮುಚ್ಚಿಡಿ.