ಗಿರಣಿಯಿಂದ ಹಡಗಿಗೆ

ರೋಣದ ಹತ್ತಿರದ ನಮ್ಮೂರಿನಲ್ಲಿ ಅಪ್ಪನದು ಹಿಟ್ಟಿನ ಗಿರಣಿ. ಕರೆಂಟ್ ಹೋದರೆ ಡೀಸೆಲ್ ಇಂಜಿನ್ ಹಚ್ಚಬೇಕು, ಹ್ಯಾಂಡಲ್ ತಿರುಗಿಸೋದು ನನ್ನ ಕೆಲಸ. ಮೆಕ್ಯಾನಿಕಲ್ ಬಿಇ ಮುಗಿಸಿ ಹುಬ್ಬಳ್ಳಿಯ ಗೋಕುಲ ರೋಡಿನ ವರ್ಕ್‌ಶಾಪೊಂದರಲ್ಲಿ ಎಂಟು ತಿಂಗಳು ಇದ್ದೆ. ಅಲ್ಲೇ ಒಬ್ಬ ಸೀನಿಯರ್ ಜಿಎಂಇ ಬಗ್ಗೆ ಹೇಳಿದ: ಗ್ರಾಜುಯೇಟ್ ಮರೈನ್ ಇಂಜಿನಿಯರಿಂಗ್, ಅಂದರೆ ಹಡಗಿನ ಇಂಜಿನಿಯರ್ ಆಗೋಕೆ ಮೆಕ್ಯಾನಿಕಲ್ ಪದವೀಧರರಿಗೆ ಒಂದು ವರ್ಷದ ತರಬೇತಿ. ಮನೆಯಲ್ಲಿ ಹೇಳಿದಾಗ ಅವ್ವ, 'ಸಮುದ್ರಾನ ನೋಡಿಲ್ಲ, ಹಡಗಿನ್ಯಾಗ ಏನ್ ಮಾಡ್ತಿ ತಮ್ಮಾ?' ಅಂದಳು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಸರಿಯಾಗಿ ಮಾಡಿದ್ದು ಒಂದೇ: ಫೀಸಿಗಿಂತ ಮೊದಲು ಕಣ್ಣು ತೋರಿಸಿದೆ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಓದಬೇಕಲ್ಲ, ಆ ಪುಸ್ತಕ. ಕೆಂಪು-ಹಸಿರು ಗುರುತು ಸಿಗದಿದ್ದರೆ ಈ ಕೆಲಸ ಇಲ್ಲ. ಹಾವೇರಿ ಕಡೆಯ ಗೆಳೆಯನಿಗೆ ಇದು ತಿಳಿದದ್ದು ಹಣ ಕಟ್ಟಿದ ಮೇಲೆ.

ಆಮೇಲೆ ಏಜೆಂಟರ ಕಾಟ. ಒಬ್ಬ ಮೂರು ಲಕ್ಷ ಕೇಳಿದ, 'ನಾಳೆನೇ ಹಡಗು ಹತ್ತಸ್ತೀನ್ರಿ' ಅಂದ. ಅರ್ಧ ಒಪ್ಪಿಬಿಟ್ಟಿದ್ದೆ, ಯಾಕಂದ್ರೆ ಆಗ ತರಬೇತಿ ಮುಗಿಸಿ, ಹಡಗು ಸಿಗದೆ ಆರು ತಿಂಗಳಿಂದ ಖಾಲಿ ಕೂತಿದ್ದೆ. ಕೆಲಸ ಕೊಡಿಸುವ ಕಂಪನಿಗೆ ಆರ್‌ಪಿಎಸ್‌ಎಲ್ ಅನ್ನೋ ಸರ್ಕಾರಿ ಪರವಾನಗಿ ಇರಲೇಬೇಕು, ಹಡಗು ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಕಚೇರಿ ಡಿಜಿ ಶಿಪ್ಪಿಂಗಿನ ಪಟ್ಟಿಯಲ್ಲಿ ನೋಡಬಹುದು. ಕೆಲಸಕ್ಕಾಗಿ ನಾವಿಕನಿಂದ ದುಡ್ಡು ಕೀಳುವಂತಿಲ್ಲ ಅನ್ನೋದು ನಿಯಮ. ಆ ಮನುಷ್ಯನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಬಿಟ್ಟೆ. ಇನ್‌ಡಾಸ್ ಅನ್ನೋ ನಾವಿಕನ ಗುರುತಿನ ನಂಬರು, ಬೆಂಕಿ ಆರಿಸುವ ಮತ್ತು ಪ್ರಾಣ ಉಳಿಸುವ ಕೋರ್ಸುಗಳು, ಕಡಲ ಸೇವೆ ದಾಖಲಿಸುವ ಸಿಡಿಸಿ ಪುಸ್ತಕ, ಮೆಡಿಕಲ್ ಇವೆಲ್ಲ ಓಡಾಟದ ಕೆಲಸ, ತಾಳ್ಮೆ ಇದ್ದರೆ ಮುಗಿಯುತ್ತವೆ. ಹಡಗು ಸಿಗುವತನಕ ಕಾಯೋದೇ ಕಷ್ಟ.

ಮೊದಲ ಹಡಗಿಗೆ ಟ್ರೇನಿಯಾಗಿ ಹೋದೆ. ಅವ್ವ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎರಡು ವಾರ ಬಂದವು. ಇಂಜಿನ್ ರೂಮಿನ ಕಾವು ಗದಗಿನ ಬ್ಯಾಸಗಿಗಿಂತ ಹೆಚ್ಚು, ಅದರೊಳಗೂ ಎಣ್ಣೆ ಶುದ್ಧ ಮಾಡುವ ಯಂತ್ರದ, ಅಂದರೆ ಪ್ಯೂರಿಫೈಯರ್ ರೂಮ್. ಹಡಗಿನ ಭಾರೀ ಎಣ್ಣೆ ತಣ್ಣಗಿದ್ದರೆ ಕಾಕಂಬಿಯಂತೆ. ಅದನ್ನ ಸುಮಾರು 98 ಡಿಗ್ರಿಗೆ ಕಾಸಿ, ಗರಗರ ತಿರುಗಿಸಿ ನೀರು-ಕೆಸರು ಬೇರೆ ಮಾಡಬೇಕು. ಆ ಯಂತ್ರದೊಳಗೆ ತಿರುಗುವ ಬೌಲ್ ಬಿಚ್ಚಿ ತೊಳೆಯೋದು ಟ್ರೇನಿಯ ಪಾಲು. ಮುಂಗಾರಿನ ಅರಬ್ಬಿ ಸಮುದ್ರದಲ್ಲಿ ಒಂದು ಕೈಯಲ್ಲಿ ರೇಲಿಂಗ್, ಇನ್ನೊಂದರಲ್ಲಿ ಸ್ಪ್ಯಾನರ್, ಬಾಯಲ್ಲಿ ವಾಂತಿ. ಮೂರನೇ ದಿನ, ಎಲ್ಲಾ ಬಿಟ್ಟು ಗಿರಣಿಗೇ ವಾಪಸ್ ಹೋಗಲೇ ಅಂತ ನಿಜಕ್ಕೂ ಯೋಚಿಸಿದೆ.

ಆದರೆ ದೊಡ್ಡ ಇಂಜಿನ್ ನೋಡಿದಾಗ ಗೊತ್ತಾಯ್ತು, ಇದು ನನಗೆ ಪರಿಚಯದ್ದೇ. ಎರಡು ಸ್ಟ್ರೋಕ್, ಮೂರಂತಸ್ತಿನಷ್ಟೆತ್ತರ. ಗೇರ್‌ಬಾಕ್ಸ್ ಇಲ್ಲ, ಪ್ರೊಪೆಲರ್ ನೇರ ಜೋಡಣೆ. ಹಿಂದಕ್ಕೆ ಹೋಗಬೇಕಾದರೆ ಇಂಜಿನ್ನನ್ನೇ ನಿಲ್ಲಿಸಿ, ಉಲ್ಟಾ ತಿರುಗುವಂತೆ ಮತ್ತೆ ಹಚ್ಚಬೇಕು. ಇದನ್ನ ಕ್ಲಾಸ್‌ನಲ್ಲಿ ಓದಿದ್ದೆ, ನಂಬಿದ್ದು ಮಾತ್ರ ಕಣ್ಣಾರೆ ಕಂಡ ಮೇಲೆ.

ಆರು ತಿಂಗಳ ಕಡಲ ಸೇವೆ ತುಂಬಿಸಿ ಮುಂಬೈಯಲ್ಲಿ ಕ್ಲಾಸ್ ಫೋರ್, ಅಂದರೆ ಹಡಗಿನ ಇಂಜಿನಿಯರ್ ಆಗುವ ಮೊದಲ ಹಂತದ ಪರೀಕ್ಷೆ ಬರೆದೆ. ಓರಲ್‌ನಲ್ಲಿ ಮೊದಲ ಸಲ ಫೇಲ್. ಸ್ಟಾರ್ಟಿಂಗ್ ಏರ್ ಲೈನ್, ಅಂದರೆ ಇಂಜಿನ್ ಹಚ್ಚುವ ಗಾಳಿಯ ಪೈಪುಗಳ ಚಿತ್ರ ಬಿಡಿಸು ಅಂದರು, ಕೈ ನಡುಗಿತು. ಎರಡನೇ ಸಲ ಪಾಸ್.

ಅಪ್ಪನಿಗೆ ಫೋನಿನಲ್ಲಿ ಇಂಜಿನ್ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, 'ಹ್ಯಾಂಡಲ್ ಎಲ್ಲಿ ಹಾಕ್ತಾರೋ?' ಅಂದ. 30 ಬಾರ್ ಒತ್ತಡದ ಗಾಳಿ ಬಿಟ್ಟು ಹಚ್ಚತಾರ ಅಂದೆ. 'ಹಂಗಾರ ನಿನ್ ತೋಳಿಗೆ ಆರಾಮ ಆತು ಬಿಡು' ಅಂದ.