ಹತ್ತನೇ ದಿನಕ್ಕೆ ಗುಳಿಗೆ ಬಿಡಿಸಬೇಡಿ: ಖಿನ್ನತೆ, ಕುಡಿತ ಎರಡೂ ಇರುವ ಮಗನ ಚಿಕಿತ್ಸೆ ಮನೆಯಲ್ಲಿ ನಡೆಸುವುದು ಹೇಗೆ?

“ಹತ್ತ ದಿನಾ ನುಂಗ್ಯಾನ್ರಿ ಮೇಡಂ, ಏನೂ ಫರಕ್ ಬಿದ್ದಿಲ್ಲ. ಬ್ಯಾಡಂತ ಬಿಡಿಸೀವಿ.” ವಿಜಯಪುರದಲ್ಲಿ ಪಿಯು ಮಕ್ಕಳಿಗೆ ಪಾಠ ಹೇಳುವ ನಾನು ಪಾಲಕರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ಸಂಕಟಪಟ್ಟಿದ್ದೇನೆ. ಖಿನ್ನತೆಯ ಗುಳಿಗೆ ಕೆಲಸ ತೋರಿಸಲು ನಾಲ್ಕರಿಂದ ಆರು ವಾರ ಬೇಕು. ಮೊದಲ ಹತ್ತು ದಿನ ಹೆಚ್ಚಾಗಿ ಕಾಣುವುದು ಅಡ್ಡಪರಿಣಾಮಗಳೇ. ಹುಡುಗನ ಕೈಗೆ ಬಾಟಲಿಯೂ ಹತ್ತಿದ್ದರೆ ಆ ಆರು ವಾರ ದಾಟಿಸುವುದು ಮನೆಯವರ ದೊಡ್ಡ ಕೆಲಸ. ಮಗಳಾದರೂ ಕ್ರಮ ಇದೇ.

ಹಂತ 1: ಮನೋವೈದ್ಯರ ಹತ್ತಿರವೇ ಹೋಗಿ

ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯೂ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಕೇಳಿಕೊಂಡು ಹೊರಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹೆಸರೆತ್ತಿದರೆ “ನಮ್ಮ ಹುಡುಗ ಹುಚ್ಚ ಅಲ್ರಿ” ಎನ್ನುವವರು ಈಗಲೂ ಇದ್ದಾರೆ. ಆ ಮಾತಿಗೆ ಹೆದರಿ ಎಷ್ಟು ಮಕ್ಕಳ ವರ್ಷ ಹಾಳಾಗಿದೆಯೋ.

ಹಂತ 2: ಎರಡನ್ನೂ ಒಂದೇ ದಿನ ಹೇಳಿ

“ಮೊದಲು ಕುಡಿಯೂದು ಬಿಡ್ಲಿ, ಆಮ್ಯಾಲೆ ಮನಸ್ಸಿಂದು ನೋಡೂಣು” ಎಂದು ತಂದೆ, “ಮನಸ್ಸು ನೆಟ್ಟಗಾದ್ರ ಕುಡಿತ ತಾನ ಬಿಡ್ತೈತಿ” ಎಂದು ತಾಯಿ. ಇಬ್ಬರದೂ ತಪ್ಪು. ಕುಡಿತ ಖಿನ್ನತೆಯನ್ನು ಹೆಚ್ಚಿಸುತ್ತದೆ, ನಿದ್ದೆ ಕೆಡಿಸುತ್ತದೆ. ಖಿನ್ನತೆ ಮತ್ತೆ ಕುಡಿತಕ್ಕೆ ತಳ್ಳುತ್ತದೆ. ಎರಡಕ್ಕೂ ಚಿಕಿತ್ಸೆ ಜೊತೆಜೊತೆಗೇ ನಡೆಯಬೇಕು.

ಗುಳಿಗೆಯೊಂದರಿಂದಲೇ ಎಲ್ಲ ಆಗುತ್ತದೆಂದು ನಂಬಬೇಡಿ. ಎರಡೂ ಸಮಸ್ಯೆ ಇದ್ದ 50 ಹದಿಹರೆಯದವರ ಮೇಲೆ ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ಆಪ್ತಸಮಾಲೋಚನೆ ಕೊಟ್ಟು, ಕೆಲವರಿಗೆ ಫ್ಲುಆಕ್ಸೆಟಿನ್ ಎಂಬ ಖಿನ್ನತೆಯ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. 12 ವಾರದಲ್ಲಿ ಎರಡೂ ಗುಂಪು ಸುಧಾರಿಸಿದವು. ಗುಳಿಗೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಕುಡಿತದ ಸಮಸ್ಯೆ ಇಲ್ಲದ ಖಿನ್ನ ಮಕ್ಕಳ ಲೆಕ್ಕ ಬೇರೆ. 439 ಮಕ್ಕಳ 2004ರ ಅಧ್ಯಯನದಲ್ಲಿ ಗುಳಿಗೆ ಮತ್ತು ಸಮಾಲೋಚನೆ ಎರಡೂ ಸಿಕ್ಕವರಲ್ಲಿ ಶೇ 71, ಗುಳಿಗೆ ಮಾತ್ರ ಸಿಕ್ಕವರಲ್ಲಿ ಶೇ 61 ಮಂದಿ ಚೆನ್ನಾಗಿ ಸುಧಾರಿಸಿದರು. ಹಾಗಾಗಿ ನನ್ನ ಸಲಹೆ: ಚೀಟಿ ಬರೆಸಿಕೊಂಡು ಬಸ್ ಹತ್ತಬೇಡಿ, ಸಮಾಲೋಚನೆಯ ದಿನಾಂಕ ಪಡೆದೇ ಹೊರಡಿ.

ವೈದ್ಯರಿಗೆ ಬಚ್ಚಿಡದೆ ಹೇಳಬೇಕಾದದ್ದು: ಎಷ್ಟು ಕುಡಿಯುತ್ತಾನೆ, ಕೊನೆಯ ಸಲ ಯಾವಾಗ ಕುಡಿದ, ಬೇರೆ ಯಾವ ಗುಳಿಗೆ ನುಂಗುತ್ತಾನೆ, ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಕೆಲಕಾಲ ಅತಿ ಹುರುಪು, ಕೆಲಕಾಲ ಖಿನ್ನತೆ ಬರುವ ಕಾಯಿಲೆ) ಇದೆಯೇ. ಆಮೇಲೆ ಹತ್ತು ನಿಮಿಷ ನೀವು ಹೊರಗೆ ಕೂಡಿ, ಹುಡುಗ ಒಬ್ಬನೇ ಮಾತಾಡಲಿ. ದಿನಾ ಕುಡಿದು ಬೆಳಿಗ್ಗೆ ಕೈ ನಡುಗುವ ಹಂತಕ್ಕೆ ಬಂದಿದ್ದರೆ ಮನೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಅದು ಆಸ್ಪತ್ರೆಯಲ್ಲೇ ಆಗಬೇಕು.

ಹಂತ 3: ಗುಳಿಗೆ ಶುರು

ಈ ವಯಸ್ಸಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಫ್ಲುಆಕ್ಸೆಟಿನ್, ಸಣ್ಣ ಪ್ರಮಾಣದಿಂದ. ಬೆಳಿಗ್ಗೆ ನಾಷ್ಟಾ ಆದ ಮೇಲೆ ಕೊಟ್ಟರೆ ಹೊಟ್ಟೆ ತೊಳಸುವುದು ಕಡಿಮೆ.

ಹಂತ 4: ಮೊದಲ ವಾರಗಳ ಕಾವಲು

ಎಡವುವುದೆಲ್ಲ ಇಲ್ಲೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಈ ಗುಳಿಗೆಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಪರೀಕ್ಷೆಗಳಲ್ಲಿ ಹುಸಿ ಗುಳಿಗೆ ನುಂಗಿದ 100 ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಕಂಡಿದ್ದರೆ, ನಿಜವಾದ ಗುಳಿಗೆ ನುಂಗಿದವರಲ್ಲಿ ಸುಮಾರು ನಾಲ್ವರಿಗೆ ಕಂಡಿತ್ತು. ಆ ಪರೀಕ್ಷೆಗಳಲ್ಲಿ ಯಾರೂ ಪ್ರಾಣ ಕಳೆದುಕೊಳ್ಳಲಿಲ್ಲ. ಇದನ್ನು ಓದಿ ಗುಳಿಗೆ ಬಿಸಾಡಬೇಡಿ, ಕಣ್ಣು ತೆರೆದು ಕಾಯಿರಿ. ಚಿಕಿತ್ಸೆ ಇಲ್ಲದ ಖಿನ್ನತೆಯೂ ಪ್ರಾಣಕ್ಕೆ ಎರವಾಗುತ್ತದೆ.

ಗುಳಿಗೆಗಳೆಲ್ಲ ಅವ್ವನ ಹತ್ತಿರ, ಬೀಗದೊಳಗೆ ಇರಲಿ. ದಿನಕ್ಕೆ ಒಂದು, ಎದುರಿಗೇ ನುಂಗಲಿ.

ಇದಕ್ಕಿಂತ ಮುಖ್ಯವಾದದ್ದು ಹೊಲದ ಎಣ್ಣೆ. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಡಬ್ಬಿಗಳು ಪಡಸಾಲೆಯ ಮೂಲೆಯಲ್ಲೇ ಇರುವುದನ್ನು ಕಂಡಿದ್ದೇನೆ. ಮೊದಲ ಗುಳಿಗೆ ಕೊಡುವ ಮುಂಚೆಯೇ ಅವು ಮನೆಯಿಂದ ಹೊರಬೀಳಬೇಕು. ಕೀಲಿ ಇರುವ ಬೇರೆ ಕೋಣೆಗೆ ಅಥವಾ ಕಾಕಾನ ಮನೆಗೆ ಸಾಗಿಸಿ. ಕೀಲಿ ಎಲ್ಲಿದೆ ಎಂಬುದು ಒಬ್ಬರಿಗಷ್ಟೇ ಗೊತ್ತಿರಲಿ. ಸಾಯುವ ಯೋಚನೆ ಹಲವು ಸಲ ಕೆಲವೇ ನಿಮಿಷ ತೀವ್ರವಾಗಿರುತ್ತದೆ, ಕುಡಿದಾಗ ಕೈ ತಡೆಯುವ ವಿವೇಕ ಇರುವುದಿಲ್ಲ. ಆ ನಿಮಿಷಗಳಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಮಗ ಉಳಿಯುವ ಸಾಧ್ಯತೆ ಹೆಚ್ಚು. ಅಪ್ಪನ ಬಾಟಲಿಗಳೂ ಹೊರಗೆ. ಅಪ್ಪ ರಾತ್ರಿ ಊಟಕ್ಕೆ ಮುಂಚೆ ಕುಡಿಯುವ ಮನೆಯಲ್ಲಿ ಮಗನಿಗೆ ಮಾತ್ರ ಬಿಡು ಎಂದರೆ ನಡೆಯುವುದಿಲ್ಲ.

ದಿನಾ ಗಮನಿಸಿ: ಕೂತಲ್ಲಿ ಕೂರಲಾಗದ ಚಡಪಡಿಕೆ, ಕಾರಣವಿಲ್ಲದ ಸಿಟ್ಟು, ಎರಡೇ ತಾಸು ಮಲಗಿಯೂ ದಣಿವಿಲ್ಲದ ಹುರುಪು, ನಿಲ್ಲದ ಮಾತು. ಕೊನೆಯ ಎರಡು ಬೈಪೋಲಾರ್‌ನ ಸುಳಿವು ಇರಬಹುದು. ಯಾವುದು ಕಂಡರೂ ಅದೇ ದಿನ ವೈದ್ಯರಿಗೆ ಹೇಳಿ. “ಸಾಯಬೇಕು ಅನ್ಸತೈತೇನಪ್ಪಾ?” ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೂಂ ಎಂದರೆ ಅವನನ್ನು ಒಬ್ಬನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಇಲ್ಲೊಂದು ಮಾತು ಹೇಳಲೇಬೇಕು. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಎಂದು ಗೋಡೆಗೆ ಜಾಹೀರಾತು ಅಂಟಿಸುವ ಪುಡಿಗಳನ್ನು ಮುಟ್ಟಲೇಬೇಡಿ. ಅದರಲ್ಲಿ ಏನಿದೆಯೋ ಯಾರಿಗೂ ತಿಳಿಯದು. ಕುಡಿತ ಬಿಡಿಸಲು ವೈದ್ಯರ ನಿಗಾದಲ್ಲಷ್ಟೇ ಕೊಡುವ ಡೈಸಲ್ಫಿರಾಮ್ ಎಂಬ ಔಷಧ ಇದ್ದರಂತೂ, ತಿಂದ ಹುಡುಗ ಅರಿಯದೆ ಕುಡಿದಾಗ ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ನಿದ್ದೆ ಬರುತ್ತಿಲ್ಲವೆಂದು ಚೀಟಿ ಇಲ್ಲದೆ ಅಲ್‌ಪ್ರಜೋಲಾಮ್ ತಂದು ಕೊಡುವುದೂ ಅಷ್ಟೇ ಕೆಟ್ಟದ್ದು. ಅದು ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಹಂತ 5: ಮತ್ತೆ ಕುಡಿದು ಬಂದರೆ

ಬರುತ್ತಾನೆ. ಆ ರಾತ್ರಿ ಬೈಯಬೇಡಿ, ಉಪದೇಶ ಬೇಡ. ಎಡಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲೇ ಇರಿ. ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ. ಮರುದಿನದ ಗುಳಿಗೆ ಎಂದಿನಂತೆ, ಒಂದೇ. ಶಿಕ್ಷೆಯೆಂದು ಗುಳಿಗೆ ನಿಲ್ಲಿಸುವ ತಂದೆಯರನ್ನು ನೋಡಿ ನನ್ನ ಕರುಳು ಕಿತ್ತುಬಂದಿದೆ. ಕುಡಿದದ್ದನ್ನು ಮುಂದಿನ ಭೇಟಿಯಲ್ಲಿ ಮಗನೇ ವೈದ್ಯರಿಗೆ ಹೇಳಲಿ.

ಹಂತ 6: ಗುಣವಾದ ಮೇಲೆ

ನಗತೊಡಗಿದ ಕೂಡಲೇ ಬಿಡಿಸಬೇಡಿ. ಪೂರ್ತಿ ಗುಣವಾದ ನಂತರವೂ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಹಂತಹಂತವಾಗಿ. ಅಷ್ಟರಲ್ಲಿ ಮಗ ಧಾರವಾಡಕ್ಕೋ ಬೆಳಗಾವಿಗೋ ಓದಲು ಹೊರಟರೆ ರೊಟ್ಟಿ ಬುತ್ತಿಯ ಜೊತೆ ಆಸ್ಪತ್ರೆಯ ಚೀಟಿಯ ಪ್ರತಿಯನ್ನೂ ಕಟ್ಟಿಕೊಡಿ. ಆ ಊರಲ್ಲಿ ಯಾರ ಮನೆ ಬಾಗಿಲನ್ನು ನಡುರಾತ್ರಿ ತಟ್ಟಬಹುದು ಎಂಬುದನ್ನು, ಅವನು ಬಸ್ ಹತ್ತುವ ಮುಂಚೆಯೇ ಆ ಮನೆಯವರೊಡನೆ ಮಾತಾಡಿ ಗೊತ್ತುಮಾಡಿಡಿ.