ಸಂಕ್ರಾಂತಿಗೆ ಬೀಜ, ಯುಗಾದಿಗೆ ಹೂವು: ದುರ್ಗದ ಬಿಸಿಲಲ್ಲಿ ನನ್ನ ಅಂಗಳ

ಯುಗಾದಿಗೆ ಮನೆ ಮುಂದೆ ಹೂವು ತುಂಬಿರಬೇಕು ಅಂತ ಆಸೆ ಇದ್ದರೆ ಮಾರ್ಚ್‌ನಲ್ಲಿ ನರ್ಸರಿಗೆ ಹೋಗಬೇಡಿ. ಆಗ ಅಲ್ಲಿ ಪಿಟೋನಿಯಾ, ಡೇಲಿಯಾ, ಸಾಲ್ವಿಯಾ ಮೈತುಂಬ ಹೂ ಬಿಟ್ಟುಕೊಂಡು ಸಾಲಾಗಿ ಕೂತಿರುತ್ತವೆ. ನೋಡಿದ ಮೇಲೆ ಬಿಟ್ಟು ಬರೋಕೆ ಮನಸ್ಸಾಗುವುದಿಲ್ಲ. ಆದರೆ ಅವೆಲ್ಲ ತಂಪು ಬೇಡುವ ಗಿಡಗಳು. ಚಿತ್ರದುರ್ಗದ ಮಾರ್ಚ್ ಬಿಸಿಲಿಗೆ ತಂದು ಇಟ್ಟರೆ ಹಬ್ಬದ ಹೊತ್ತಿಗೆ ಸೊರಗಿರುತ್ತವೆ. ನಮ್ಮಲ್ಲಿ ವಸಂತ ಅಂದರೆ ತಂಗಾಳಿಯ ಕಾಲ ಅಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದರೆ ಆಮೇಲೆ ನೇರ ಬೇಸಿಗೆಯೇ. ಸುತ್ತ ಇರುವ ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೂ ಬಿಸಿ ಬಿಡುತ್ತಿರುತ್ತವೆ.

ಹಾಗಾಗಿ ನನ್ನ ಅಂಗಳದ ಲೆಕ್ಕವೆಲ್ಲ ಹಬ್ಬದಿಂದ ಹಬ್ಬಕ್ಕೆ. ಸಂಕ್ರಾಂತಿ ಸುಮಾರಿಗೆ ಬೀಜ ಹಾಕುವುದು. ಶಿವರಾತ್ರಿ ಆಸುಪಾಸಲ್ಲಿ ಕುಡಿ ಚಿವುಟುವುದು. ಯುಗಾದಿಗೆ ಹೂವು. ಚೆಂಡು ಹೂವು, ಜೀನಿಯಾ, ಕಾಸ್ಮೋಸ್ ಎಲ್ಲ ಬೀಜ ಹಾಕಿದ 50-60 ದಿನಕ್ಕೆ ಹೂ ಬಿಡುವಂಥವು. ಕುಡಿ ಚಿವುಟಿದರೆ ಇನ್ನೊಂದು ವಾರ ಹತ್ತು ದಿನ ತಡವಾಗುತ್ತದೆ. ಯುಗಾದಿ ಮಾರ್ಚ್ ಮಧ್ಯದಲ್ಲೇ ಬಂದುಬಿಡುವ ವರ್ಷ ಜನವರಿ ಮೊದಲ ವಾರವೇ ಬೀಜ ಹಾಕುತ್ತೇನೆ. ಕ್ಯಾಲೆಂಡರ್ ಬಂದ ತಕ್ಷಣ ನಾನು ಮೊದಲು ನೋಡುವುದು ಸರ್ಕಾರಿ ರಜೆ ಅಲ್ಲ, ಯುಗಾದಿ ಯಾವತ್ತು ಅಂತ.

ನಮ್ಮದು 30-40 ಸೈಟು. ಕಟ್ಟಿದ ಮೇಲೆ ಗೇಟಿಗೂ ಬಾಗಿಲಿಗೂ ಮಧ್ಯೆ ಉಳಿದದ್ದು ಒಂದು ಪಟ್ಟಿ ಜಾಗ. ಇಷ್ಟರಲ್ಲಿ ಏನು ತೋಟ ಅಂತ ಅನ್ನಿಸಬಹುದು. ಆದರೆ ಅಂಗಳ ಬರೀ ಹೂವಿಗಲ್ಲವಲ್ಲ. ಬೈಕ್ ನಿಲ್ಲಬೇಕು, ಚಪ್ಪಲಿ ಬಿಡಬೇಕು, ರಂಗೋಲಿಗೆ ಜಾಗ ಬೇಕು. ನಾನು ಗಿಡದ ಪಟ್ಟಿ ಬರೆಯುವ ಮೊದಲು ಸುಣ್ಣದ ಪುಡಿ ತಂದು ಇವುಗಳಿಗೆ ಗೆರೆ ಎಳೆದೆ. ಗೇಟಿನ ಒಳಗೆ ರಂಗೋಲಿಗೆ ಒಂದು ಚೌಕ, ಅಲ್ಲಿಂದ ಮೆಟ್ಟಿಲವರೆಗೆ ಇಬ್ಬರು ಪಕ್ಕಪಕ್ಕ ನಡೆಯುವಷ್ಟು ದಾರಿ, ಬೈಕಿಗೆ ಒಂದು ಮೂಲೆ. ಉಳಿದದ್ದೆಲ್ಲ ಮಣ್ಣು. "ಮನೆ ಮುಂದೆ ಪೂರ್ತಿ ಸಿಮೆಂಟ್ ಹಾಕಿಸಿದ್ರೆ ಗುಡಿಸೋದು ಸುಲಭ ಅಲ್ವೇನಮ್ಮ?" ಅಂತ ಅತ್ತೆ ಕೇಳಿದರು. "ಬೇಸಿಗೆಯಲ್ಲಿ ನೀವು ಸಂಜೆ ಜಗಲಿ ಮೇಲೆ ಕೂರೋದು ಬೇಡ್ವಾ ಅತ್ತೆ?" ಅಂದೆ. ಅಷ್ಟಕ್ಕೆ ಒಪ್ಪಿಕೊಂಡರು. ಸಿಮೆಂಟ್ ಅಂಗಳದ ಮನೆಗಳಲ್ಲಿ ಸಂಜೆ ಏಳಾದರೂ ನೆಲದ ಕಾವು ಕಾಲಿಗೆ ತಾಗುತ್ತದೆ. ದಾರಿಗೆ ಚಪ್ಪಡಿ ಕಲ್ಲು ಹಾಸಿ, ಸಂದಿಗೆ ಮರಳು ತುಂಬಿಸಿದೆ. ನಮ್ಮೂರಲ್ಲಿ ಕಲ್ಲಿಗೇನು ಬರವಾ.

ಜಾಸ್ತಿ ಶ್ರಮ ಹೋಗಿದ್ದು ಮಣ್ಣಿಗೆ. ಹೊಸ ಮನೆಯ ಮುಂದೆ ಮೇಲೆ ಕಾಣುವುದು ಮಣ್ಣು, ಕೆಳಗೆ ಇರುವುದು ಇಟ್ಟಿಗೆ ಚೂರು, ಗಾರೆ, ಸಿಮೆಂಟ್ ಗಟ್ಟಿ. ಒಂದೂವರೆ ಅಡಿ ಅಗೆಸಿ ಎಲ್ಲವನ್ನೂ ತೆಗೆಸಿದೆ. ತುಂಬಿಸಿದ್ದು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೆರೆ ಗೋಡು (ಕೆರೆಯ ಹೂಳು ಮಣ್ಣು), ಒಂದು ಪಾಲು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ. ನಮ್ಮ ಕೆಂಪು ಗರಸು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಅದಕ್ಕೇ ಗೋಡು. ಗೋಡು ಜಾಸ್ತಿಯಾದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ, ಹಾಗಾಗಿ ಒಂದೇ ಪಾಲು. ಗೊಬ್ಬರ ಕೈಯಲ್ಲಿ ಹಿಡಿದರೆ ಉದುರಾಗಿರಬೇಕು, ಸಗಣಿ ವಾಸನೆ ಬರಬಾರದು. ಹಸಿ ಗೊಬ್ಬರದ ಜೊತೆ ಗೊಣ್ಣೆ ಹುಳು ಬರುತ್ತದೆ. ಬೇರು ತಿಂದು ಹಾಕುತ್ತದೆ, ಗಿಡ ಒಣಗಿದ ಮೇಲೇ ಗೊತ್ತಾಗುವುದು. ಇದರ ಮೇಲೆ ಬುಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ.

ಇನ್ನು ಗಿಡ ನೆಡುವ ಮಡಿ. ಫೋಟೋಗಳಲ್ಲಿ ನೋಡುವ ತೋಟಗಳಲ್ಲಿ ಮಣ್ಣನ್ನು ಏರಿಸಿ ದಿಬ್ಬ ಮಾಡಿರುತ್ತಾರೆ. ಅದು ಮಳೆ ಜಾಸ್ತಿ ಇರುವ ಊರಿಗೆ. ನಮ್ಮಂಥ ಒಣ ಸೀಮೆಯಲ್ಲಿ ತಗ್ಗು ಮಡಿಯೇ ಸರಿ. ದಾರಿಯ ಕಲ್ಲಿಗಿಂತ ನಾಲ್ಕು ಬೆರಳು ಕೆಳಗೆ ಮಣ್ಣು ಇರುವ ಹಾಗೆ ಮಾಡಿದೆ. ಕೊಟ್ಟ ನೀರು ಬೀದಿಗೆ ಹರಿಯದೆ ಬೇರಿಗೇ ಇಳಿಯುತ್ತದೆ. ಹೊಲದಲ್ಲಿ ನಮ್ಮ ರೈತರು ಬದು ಕಟ್ಟಿ ನೀರು ನಿಲ್ಲಿಸುವುದಿಲ್ಲವಾ, ಅದೇ ಲೆಕ್ಕ.

ಗಿಡ ಆರಿಸುವಾಗಲೂ ನಾನು ಹೊಲಗಳನ್ನೇ ನೋಡಿದೆ. ದುರ್ಗ, ಹಿರಿಯೂರು ಸುತ್ತ ರೈತರು ಚೆಂಡು ಹೂವು, ಸೇವಂತಿಗೆ, ಕನಕಾಂಬರ ಬೆಳೆಯುತ್ತಾರೆ. ಅಲ್ಲಿ ತಡೆದುಕೊಂಡದ್ದು ಅಂಗಳದಲ್ಲೂ ತಡೆದುಕೊಳ್ಳುತ್ತದೆ. ಸೇವಂತಿಗೆ ಮಾತ್ರ ಯುಗಾದಿಗೆ ನಂಬಬೇಡಿ. ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಗಿಡ ಅದು. ದಸರಾ, ದೀಪಾವಳಿ, ಚಳಿಗಾಲ ಅದರ ಕಾಲ. ಮಾರ್ಚ್‌ನಲ್ಲಿ ಬರೀ ಎಲೆ.

ಗೋಡೆ ಪಕ್ಕ ಎತ್ತರದವು, ದಾರಿ ಪಕ್ಕ ಗಿಡ್ಡವು. ಕಾಂಪೌಂಡ್ ಗೋಡೆಯಿಂದ ಒಂದಡಿ ಬಿಟ್ಟು ದಾಸವಾಳ, ನಂದಿಬಟ್ಟಲು. ಗೋಡೆಗೆ ಒತ್ತಿ ನೆಟ್ಟರೆ ಅದರ ಕಾವಿಗೆ ಆ ಕಡೆಯ ಎಲೆ ಸುಡುತ್ತದೆ. ಗೇಟಿನ ಕಮಾನಿಗೆ ಕಾಗದದ ಹೂವು. ನಡುವೆ ಕಾಸ್ಮೋಸ್, ಜೀನಿಯಾ. ಮುಂದೆ ಚೆಂಡು ಹೂವು ಮತ್ತು ಕಾಶಿ ಕಣಗಿಲೆ. ಚಪ್ಪಡಿ ಅಂಚಿಗೆ ಟೇಬಲ್ ರೋಸ್. ಹತ್ತು ಗಂಟೆ ಹೂ ಅಂತಾರಲ್ಲ, ಅದೇ. ಬಿಸಿಲು ಏರಿದಷ್ಟೂ ಅರಳುವ ಗಿಡ ಅದು. ಬಣ್ಣ ಮೂರೇ ಇಟ್ಟುಕೊಂಡೆ: ಹಳದಿ, ಗುಲಾಬಿ, ಬಿಳಿ. ಎಲ್ಲ ಬಣ್ಣವೂ ಬೇಕು ಅಂತ ಹೊರಟರೆ ಚಿಕ್ಕ ಅಂಗಳ ಜಾತ್ರೆಯ ಬಳೆ ಅಂಗಡಿ ಆಗಿಬಿಡುತ್ತದೆ. ಬಿಳಿ ಹೂವು ಕಡ್ಡಾಯ ಅನ್ನುತ್ತೇನೆ ನಾನು. ಬೇಸಿಗೆಯಲ್ಲಿ ನಾವು ಅಂಗಳದಲ್ಲಿ ಕೂರುವುದೇ ಕತ್ತಲಾದ ಮೇಲೆ, ಆಗ ಕಾಣುವುದು ಬಿಳಿ ಮಾತ್ರ. ಕಣಗಿಲೆ (ಕಾಶಿ ಕಣಗಿಲೆ ಅಲ್ಲ, ದೊಡ್ಡ ಪೊದೆಯಾಗುವ ಬೇರೆ ಗಿಡ) ಬೇಕು ಅಂತ ಮನೆಯವರಿಗೆ ಆಸೆ ಇತ್ತು, ನಾನು ಬೇಡ ಅಂದೆ. ಬರಗಾಲಕ್ಕೆ ಜಗ್ಗದ ಗಿಡ ನಿಜ, ಆದರೆ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ. ಬೀದಿಯ ದನ ಗೇಟಿನ ಸಂದಿಯಲ್ಲಿ ಮೂತಿ ತೂರಿಸುವ ಮನೆಗೆ ಅದು ಆಗುವುದಿಲ್ಲ.

ಕುಡಿ ಚಿವುಟುವ ವಿಷಯ ಹೇಳುತ್ತೇನೆ, ಅಂಗಳ ತುಂಬುವುದು ಇದರಿಂದಲೇ. ಚೆಂಡು ಹೂವಿನ ಬೀಜವನ್ನು ಟ್ರೇನಲ್ಲಿ ಹಾಕಿ, ಮೂರು ವಾರದ ಸಸಿಯನ್ನು ಮಡಿಗೆ ನೆಡುತ್ತೇನೆ, ಗಿಡದಿಂದ ಗಿಡಕ್ಕೆ ಒಂದಡಿ. ಗೇಣುದ್ದ ಆಗುವಷ್ಟರಲ್ಲಿ ನೆತ್ತಿಯ ಮೇಲೆ ಕಡಲೆ ಕಾಳಿನಷ್ಟು ಹಸಿರು ಮೊಗ್ಗು ಕಾಣುತ್ತದೆ. ಮೊದಲ ಮೊಗ್ಗು ಕೀಳಬೇಕಲ್ಲ ಅಂತ ಕರುಳು ಚುರುಕ್ ಅನ್ನುತ್ತದೆ. ಆದರೂ ಅದರ ಕೆಳಗಿನ ಒಂದು ಜೊತೆ ಎಲೆ ಸಮೇತ ಹೆಬ್ಬೆರಳ ಉಗುರಿನಿಂದ ಚಿವುಟಿ ತೆಗೆಯುತ್ತೇನೆ. ಬೆರಳಿಗೆ ಹತ್ತಿದ ಘಾಟು ಊಟದ ಹೊತ್ತಿಗೂ ಹೋಗುವುದಿಲ್ಲ. ಒಂದು ವಾರದಲ್ಲಿ ಕೆಳಗಿನ ಪ್ರತಿ ಎಲೆಯ ಬುಡದಿಂದ ಒಂದೊಂದು ಕವಲು ಹೊರಡುತ್ತದೆ. ಒಂದು ಕೋಲಿನ ತುದಿಗೆ ಒಂದು ಹೂವು ಆಗಬೇಕಿದ್ದ ಗಿಡ ಪೊದೆಯಾಗಿ ನಿಲ್ಲುತ್ತದೆ. ಜೀನಿಯಾ, ಕಾಸ್ಮೋಸ್‌ಗೂ ಹೀಗೇ. ಹೂ ಶುರುವಾದ ಮೇಲೆ ಬಾಡಿದ್ದನ್ನು ಆಗಾಗ ಕಿತ್ತುಹಾಕಬೇಕು. ಬೀಜ ಕಟ್ಟಲು ಬಿಟ್ಟರೆ ಗಿಡ ತನ್ನ ಕೆಲಸ ಆಯಿತು ಅಂತ ಹೂ ನಿಲ್ಲಿಸುತ್ತದೆ.

ದುಂಡು ಮಲ್ಲಿಗೆಯದು ಬೇರೆಯೇ ಕಥೆ. ಅದರ ಕೆಲಸ ಸಂಕ್ರಾಂತಿಗೂ ಮೊದಲು. ಡಿಸೆಂಬರ್‌ನಲ್ಲಿ ನೀರು ಕಡಿಮೆ ಮಾಡುತ್ತೇನೆ. ಎಲೆ ಉದುರಿ ಗಿಡ ಮಂಕಾಗುತ್ತದೆ, ಆಗಲಿ. ಹೊಸ ವರ್ಷದ ಹೊತ್ತಿಗೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಯನ್ನೂ ಸವರಿ, ಬುಡ ಬಿಡಿಸಿ ಗೊಬ್ಬರ ಕೊಟ್ಟು ನೀರು ಶುರು ಮಾಡುವುದು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಕತ್ತರಿಸದ ಗಿಡ ಗೋಡೆ ತುಂಬ ಹಬ್ಬುತ್ತದೆ, ಮುಡಿಯಲು ನಾಲ್ಕು ಮೊಗ್ಗು ಸಿಗುವುದಿಲ್ಲ. ಕಾಗದದ ಹೂವಿಗೆ ಇದಕ್ಕಿಂತ ಕಠಿಣ ಆಗಬೇಕು. ಬೇರೂರಿದ ಮೇಲೆ ಅದಕ್ಕೆ ನೀರು, ಗೊಬ್ಬರ ಎರಡೂ ಜಿಪುಣತನದಿಂದಲೇ. ಎಲೆ ಜೋತುಬಿದ್ದಾಗ ಮಾತ್ರ ನೀರು. ಮುದ್ದು ಮಾಡಿದರೆ ಮುಳ್ಳು, ಎಲೆ ಕೊಟ್ಟು ಸುಮ್ನೆ ಕೂರುತ್ತದೆ.

ನೀರಿನ ಮಾತು ಬಂತು. ಊರಿಗೆ ನಲ್ಲಿ ನೀರು ಬರುವುದು ಶಾಂತಿಸಾಗರ, ವಾಣಿವಿಲಾಸ ಸಾಗರದಿಂದ. ಅದು ಕುಡಿಯೋಕೆ. ಗಿಡಕ್ಕೆ ಬೋರ್ ನೀರು, ಗಡಸು. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುವುದು ಅದರಿಂದಲೇ. ಗಡಸು ನೀರು ಕುಡಿದು ಕುಡಿದು ದಾಸವಾಳ, ಗುಲಾಬಿಯ ಎಳೆ ಎಲೆ ಹಳದಿಯಾಗುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನರ ಮಾತ್ರ ಹಸಿರಾಗಿದ್ದು ನಡುವಿನ ಜಾಗ ಹಳದಿ ಇದ್ದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣದ ಅಂಶ ಜಾಸ್ತಿಯಾಗಿ ಬೇರಿಗೆ ಎಟುಕುವುದಿಲ್ಲ. ಇದಕ್ಕೆ ಯೂರಿಯಾ ಸುರಿದು ಪ್ರಯೋಜನ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ (ಫೆರಸ್ ಸಲ್ಫೇಟ್) ಸಿಗುತ್ತದೆ. ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ ಅರ್ಧ ನಿಂಬೆ ಹಣ್ಣಿನ ರಸ. ಸಂಜೆ ತಂಪಿನಲ್ಲಿ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಚಪ್ಪಡಿ ಮೇಲೆ ಗೋಣಿಚೀಲ ಹಾಸಿಕೊಳ್ಳಿ, ಅನ್ನಭೇದಿ ಬಿದ್ದ ಕಲ್ಲಿಗೆ ತುಕ್ಕಿನ ಕಲೆ ಹತ್ತಿದರೆ ಹೋಗುವುದಿಲ್ಲ. ಶುದ್ಧ ನೀರಿನ ಮಶಿನ್ನಿನ ಪೈಪಿನಿಂದ ಹೊರಗೆ ಹೋಗುವ ನೀರು ಒಳಗೆ ಹೋದ ನೀರಿಗಿಂತ ಉಪ್ಪು. ಅದನ್ನು ನೆಲ ತೊಳೆಯೋಕೆ ಇಟ್ಟುಕೊಳ್ಳಿ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಗಿಡಕ್ಕೆ ಹೋಗಲಿ.

ಮಾರ್ಚ್ ಬಂತು ಅಂದರೆ ಬರೀ ಮಣ್ಣು ಬಿಸಿಲಿಗೆ ಕಾಣಬಾರದು. ಚಳ್ಳಕೆರೆ ಕಡೆ ಎಣ್ಣೆ ಮಿಲ್ಲುಗಳಿವೆ, ಶೇಂಗಾ ಹೊಟ್ಟು ಚೀಲಗಟ್ಟಲೆ ಸಿಗುತ್ತದೆ. ಅದನ್ನು ಎರಡು ಬೆರಳು ದಪ್ಪ ಹರಡುತ್ತೇನೆ. ಬೆಳಿಗ್ಗೆ ಕೊಟ್ಟ ನೀರಿನ ತೇವ ಸಂಜೆ ಹೊಟ್ಟು ಸರಿಸಿ ನೋಡಿದರೂ ಇರುತ್ತದೆ. ಕೆಂಪು ಮಣ್ಣಿಗೆ ಗೆದ್ದಲು ಜಾಸ್ತಿ, ಹಾಗಾಗಿ ಹೊಟ್ಟಿನ ಅಡಿಗೆ ಮತ್ತೊಮ್ಮೆ ಬೇವಿನ ಹಿಂಡಿ, ಮತ್ತು ಕಾಂಡದ ಸುತ್ತ ಅಂಗೈಯಗಲ ಖಾಲಿ. ದಾಸವಾಳಕ್ಕೆ ಈ ಕಾಲದಲ್ಲಿ ಹಿಟ್ಟು ತಿಗಣೆ ಬರುತ್ತದೆ. ಇರುವೆ ಸಾಲು ಗಿಡ ಹತ್ತುತ್ತಿದೆ ಅಂದರೆ ಮೇಲೆ ತಿಗಣೆ ಇರುವ ಸಾಧ್ಯತೆ ಜಾಸ್ತಿ. ಪೈಪಿನ ನೀರು ರಭಸವಾಗಿ ಬಿಟ್ಟು ತೊಳೆಯುವುದು, ಆಮೇಲೆ ಲೀಟರಿಗೆ 5 ಎಂ.ಎಲ್. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಸೇರಿಸಿ ಸಂಜೆ ಹೊಡೆಯುವುದು.

ಹುಳಕ್ಕಿಂತ ದೊಡ್ಡ ಕಾಟ ಎರಡು. ಒಂದು ಮಂಗ. ದಾಸವಾಳದ ಮೊಗ್ಗು ಅಂದರೆ ಅವಕ್ಕೆ ಪ್ರಾಣ. ಚೆಂಡು ಹೂವಿನ ತಂಟೆಗೆ ಅಷ್ಟಾಗಿ ಬರುವುದಿಲ್ಲ, ಘಾಟಿಗೆ ಇರಬೇಕು. ಇನ್ನೊಂದು, ಬೆಳಗಿನ ಜಾವ ವಾಕಿಂಗ್ ಹೆಸರಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಬರುವ ಭಕ್ತರು. "ದೇವರಿಗೆ ತಾನೇ?" ಅಂತ ಕೇಳಿದರೆ ನಾವೇನು ಹೇಳೋದು! ಗೇಟಿನ ಹೊರಗೆ, ಚರಂಡಿ ಪಕ್ಕ ಒಂದು ನಂದಿಬಟ್ಟಲು, ಒಂದು ಕೆಂಪು ದಾಸವಾಳ ಅವರಿಗೇ ಅಂತ ನೆಟ್ಟುಬಿಟ್ಟೆ. ಒಳಗೆ ಕೈ ಹಾಕುವುದು ತಪ್ಪಿತು. ಮಂಗಕ್ಕೂ ಅದು ಪಾಲು.

ಏಪ್ರಿಲ್ ಮಧ್ಯ ದಾಟಿದರೆ ಕಾಸ್ಮೋಸ್, ಚೆಂಡು ಹೂವು ಸೋಲುತ್ತವೆ. ಹೂವು ಚಿಕ್ಕದಾಗಿ, ಎಲೆ ಅಡಿಯಲ್ಲಿ ನುಸಿ ಬಲೆ ಕಟ್ಟುತ್ತದೆ. ನಾನು ಅವುಗಳ ಜೊತೆ ಗುದ್ದಾಡುವುದಿಲ್ಲ, ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಕೀಳುವ ಮೊದಲು ಚೆನ್ನಾಗಿ ಬಿಟ್ಟ ನಾಲ್ಕು ಗಿಡದ ಹೂವನ್ನು ಗಿಡದಲ್ಲೇ ಒಣಗಿಸಿ, ಬೀಜ ಬಿಡಿಸಿ, ಪೇಪರ್ ಪೊಟ್ಟಣದಲ್ಲಿ ಬಣ್ಣದ ಹೆಸರು ಬರೆದು ಇಡುವುದು. ಹೈಬ್ರಿಡ್ ಚೆಂಡು ಹೂವಿನ ಬೀಜ ಮಾತ್ರ ಇಟ್ಟುಕೊಂಡು ಪ್ರಯೋಜನ ಇಲ್ಲ, ಮುಂದಿನ ಸಲ ತಾಯಿಯ ಹಾಗೆ ಬರುವುದಿಲ್ಲ. ನಾಟಿ ಜೀನಿಯಾ, ಕಾಸ್ಮೋಸ್ ಧೈರ್ಯವಾಗಿ ಇಡಬಹುದು. ಖಾಲಿಯಾದ ಜಾಗಕ್ಕೆ ಟೇಬಲ್ ರೋಸಿನ ಬೆರಳುದ್ದದ ಕಡ್ಡಿ ಮುರಿದು ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಅದು, ಕಾಶಿ ಕಣಗಿಲೆ, ಮಲ್ಲಿಗೆ, ಕಾಗದದ ಹೂವು ಸೇರಿ ಭರಣಿ ಮಳೆ ಬರುವವರೆಗೆ ಅಂಗಳ ನೋಡಿಕೊಳ್ಳುತ್ತವೆ. ಮೊದಲ ಮಳೆ ಬಿದ್ದ ವಾರ ಮಳೆ ಲಿಲ್ಲಿ ತಾನಾಗೇ ಏಳುತ್ತದೆ. ಅದರ ಗಡ್ಡೆ ಬೇಕಿದ್ದರೆ ಯಾರಾದರೂ ಹಳೇ ಮನೆಯವರನ್ನು ಕೇಳಿ, ದುಡ್ಡು ಕೊಟ್ಟು ತರಬೇಡಿ. ಒಂದು ಹಿಡಿ ಕಿತ್ತು ಕೊಟ್ಟೇ ಕೊಡುತ್ತಾರೆ.